ಅಪ್ಪನ ಇನ್ಸುಲಿನ್‌ಗೆ ವ್ಯಾನಿನ ಫ್ರಿಜ್ಜು

ತುಳಸಿ,

ಜರ್ಮನ್ ದಂಪತಿ ನಮಗೆ ಮಾರಿ ಹೋದ ವ್ಯಾನಿನ ಫ್ರಿಜ್ಜು ಕೆಟ್ಟಿಲ್ಲ ಕಣೇ! ನಿನ್ನೆ ಪೂಜೆಗೆಂದು ಅಪ್ಪ ಹಟ ಹಿಡಿದು ವ್ಯಾನನ್ನು ಪೂರ್ವಕ್ಕೆ ತಿರುಗಿಸಿ ಇಳಿಜಾರಿನಲ್ಲಿ ನಿಲ್ಲಿಸಿದ್ದೇ ತಪ್ಪು. ಗ್ಯಾಸಿನಲ್ಲಿ ನಡೆಯುವ ಫ್ರಿಜ್ಜು ವಾಲಿದರೆ ತಣ್ಣಗಾಗುವುದಿಲ್ಲ. ಸಾಲದ್ದಕ್ಕೆ ಸಂಜೆಯ ಬಿಸಿಲೆಲ್ಲ ಅದರ ಬೆನ್ನಿಗೇ ಬಿತ್ತು. ನಸುಕಿನಲ್ಲಿ ನಾನೂ ಎದುರುಮನೆ ಶೀನಣ್ಣನೂ ವ್ಯಾನನ್ನು ಹೊಂಗೆ ಮರದ ಕೆಳಗೆ ಸಮತಟ್ಟು ಜಾಗಕ್ಕೆ ತಳ್ಳಿದೆವು. ಈಗ ಒಳಗಿಟ್ಟ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದೆ!

ದಾರಿಗೆಂದು ಇನ್ನೊಂದು ಗ್ಯಾಸ್ ಸಿಲಿಂಡರ್ ತರಲು ಹೋಗುತ್ತಿದ್ದೇನೆ. ಸಂಜೆಯೇ ಕಾರವಾರಕ್ಕೆ ಹೊರಡುವುದು. ಅಲ್ಲಿಯವರೆಗೆ ವ್ಯಾನನ್ನು ಯಾರೂ ಅಲುಗಿಸಕೂಡದು. ಅಪ್ಪ "ಮೂತಿ ಪೂರ್ವಕ್ಕಿರ್ಬೇಕು ಕಣಮ್ಮ" ಎಂದರೂ ಬೀಗದ ಕೈ ಕೊಡಬೇಡ. ಫ್ರಿಜ್ಜಿನ ಹಿಂದಿನ ಜಾಲರಿಗೆ ನೀನು ಹಾಕಿದ್ದ ಕಸೂತಿ ಬಟ್ಟೆ ತೆಗೆದಿದ್ದೇನೆ. ಬಿಸಿ ಗಾಳಿ ಹೊರಗೆ ಹೋಗಬೇಕು, ಮುಖ ಊದಿಸಬೇಡ. ಪುಳಿಯೋಗರೆ ಆರದೆ ಒಳಗಿಡಬೇಡ. ಬಾಗಿಲು ತೆಗೆದು ಬೀದಿಯವರಿಗೆಲ್ಲ ತೋರಿಸಿದ್ದು ಸಾಕು.

ಸಕ್ಕರೆ ಕಾಯಿಲೆ ಬಂದಾಗಿನಿಂದ ಅಪ್ಪ ಪಕ್ಕದ ಮನೆ ಅಂಬುಜಮ್ಮನವರ ಫ್ರಿಜ್ಜು ಬಿಟ್ಟು ಒಂದು ರಾತ್ರಿಯೂ ದೂರ ಉಳಿದಿಲ್ಲ. "ಇನ್ಸುಲಿನ್ ಕೆಟ್ರೆ ದಾರೀಲಿ ಯಾರಪ್ಪಾ ಗತಿ? ನೀವು ಹೋಗ್ಬನ್ನಿ" ಎಂದು ಈಗಲೂ ಅನ್ನುತ್ತಿದ್ದಾರೆ. ನೀನು ವಾದಕ್ಕಿಳಿಯಬೇಡ. ಊಟವಾದ ಮೇಲೆ ಶೀಶೆಯನ್ನು ಅವರ ಕೈಯಿಂದಲೇ ಒಳಗಿಡಿಸು, ಮಂಜುಗಟ್ಟುವ ತಟ್ಟೆಗೆ ತಾಗದಿರಲಿ. ಸ್ವಲ್ಪ ಹೊತ್ತು ಬಿಟ್ಟು ತೆಗೆದು ಅವರ ಅಂಗೈಗೆ ಕೊಡು. ಅದು ತಣ್ಣಗಿರುವುದು ಗೊತ್ತಾದರೆ ಅವರೇ ಚೀಲ ಹುಡುಕಲು ಎದ್ದುಹೋಗುತ್ತಾರೆ.

ಅವರ ಪಂಚೆ, ಟವೆಲ್ಲು ಆಗಲೇ ನನ್ನ ಚೀಲದಲ್ಲಿವೆ. ಹೇಳಬೇಡ, ಹುಡುಕಲಿ.

ವಾಸು