ಹುಣಸೆಹಣ್ಣಲ್ಲಿ ಬೆಳಗಿದ ಚೊಂಬು

ಎಯ್ಟ್ ಮೈಲ್ ಪ್ಲೇನ್ಸ್
ಬುಧವಾರ ಬೆಳಿಗ್ಗೆ

ಸುಭದ್ರಾ ಆಂಟಿ,

ಮೊದಲು ಇದನ್ನ ಓದಿ, ಆಮೇಲೆ ಕಾಫಿ ಕುಡೀರಿ. ಈಮೇಲ್ ಮಾಡಿದ್ರೆ ಇಡೀ ಲ್ಯಾಬ್ ಓದುತ್ತೆ, ಅದಕ್ಕೇ ಕಾಗದ.

ಸ್ಪ್ರಿಂಗ್‌ಫೀಲ್ಡ್ ಲೇಕ್ಸ್ ಹತ್ತಿರದ ತೊರೆ ನೀರಲ್ಲಿ ತಾಮ್ರ ಜಾಸ್ತಿ ಬಂತಲ್ಲ, ಆ ಸ್ಯಾಂಪಲ್ ತಂದಿದ್ದು ನಾನು. ನೀರು ಮೊಗೆಯೋ ಪ್ಲಾಸ್ಟಿಕ್ ಜಗ್ ಆವತ್ತು ಆಫೀಸಲ್ಲೇ ಮರೆತಿದ್ದೆ. ಸಂಜೆ ನನ್ನ ಫ್ರೆಂಡ್ ಸೌಜನ್ಯ ಮನೆ ಪೂಜೆಗೆ ಅಂತ ಕಾರಲ್ಲಿ ಕಳಶದ ಚೊಂಬಿತ್ತು. ಅದರಲ್ಲೇ ಮೊಗೆದು ಬಾಟಲಿಗೆ ತುಂಬಿದೆ. ನಿಯಮದ ಪ್ರಕಾರ ಮೂರು ಸಲ ತೊರೆ ನೀರಲ್ಲೇ ಜಾಲಿಸಿದ್ದೆ, ಆಂಟಿ. ಆದ್ರೆ ಅದು ತಾಮ್ರದ ಚೊಂಬು. ಬೆಳಿಗ್ಗೆ ತಾನೇ ಹುಣಸೆಹಣ್ಣು ಹಾಕಿ ಫಳಫಳ ಅನ್ನೋ ಹಾಗೆ ಬೆಳಗಿದ್ದೆ.

ಮೀಟಿಂಗಲ್ಲಿ ನೀವು "ಮಾಲವಿಕಾ ಒಳ್ಳೇ ಕೇಸನ್ನೇ ಹಿಡಿದಳು" ಅಂದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ರು. ಆ ತಾಮ್ರ ಚೊಂಬಿಂದಲೇ ಬಂದಿರಬೇಕು ಅಂತ ಅಷ್ಟೊತ್ತಿಗೆ ನನಗೆ ಗೊತ್ತಾಗಿತ್ತು. ಆದ್ರೂ ನಕ್ಕೆ.

ನಿನ್ನೆ ತೊರೆ ಪಕ್ಕದ ಲೋಹದ ವರ್ಕ್‌ಶಾಪಿನ ಓನರ್ ಟೋನಿ ಫೋನ್ ಮಾಡಿದ್ರು. ರಿಸಲ್ಟ್ ಕೇಳಿ ಅವರೇ ಕೆಲಸ ನಿಲ್ಲಿಸಿ, ಆರು ಜನರನ್ನ ಮನೆಗೆ ಕಳಿಸಿದ್ದಾರಂತೆ. "ನಾವೇನು ತಪ್ಪು ಮಾಡಿದ್ವಿ?" ಅಂತ ಕೇಳಿದ್ರು. ನೋಡಿ ಹೇಳ್ತೀನಿ ಅಂದ್ಬಿಟ್ಟೆ.

ಪರಿಸರ ಕಾಯ್ದೆ ಪ್ರಕಾರ ನಾಳೆ ಅವರಿಗೆ ನೋಟಿಸ್ ಹೋಗುತ್ತೆ. ದಯವಿಟ್ಟು ತಡೀರಿ. ತೊರೆಗೆ ಇನ್ನೊಂದು ಸಲ ಯಾರನ್ನಾದ್ರೂ ಕಳಿಸಿ, ನನ್ನನ್ನ ಬೇಡ. ನನ್ನ ವೀಸಾ ಈ ಕೆಲಸದ ಮೇಲೇ ನಿಂತಿದೆ. ಅದನ್ನ ಬರೀಬಾರದು ಅಂದ್ಕೊಂಡಿದ್ದೆ, ಬರೆದ್ಬಿಟ್ಟೆ.

ಚೊಂಬನ್ನ ನಿಮ್ಮ ಮೇಜಿನ ಮೇಲಿಟ್ಟಿದ್ದೀನಿ. ಟೆಸ್ಟ್ ಮಾಡಿಸಿ. ಆವತ್ತಿಂದ ನಾನು ಅದನ್ನ ಪೂಜೆಗೆ ಇಟ್ಟಿಲ್ಲ, ತೊಳೆದೂ ಇಲ್ಲ. ಕಲೆ ನೋಡಿದ್ರೆ ಬೆಳಗದೆ ನಿಮ್ಮ ಕೈ ಸುಮ್ನಿರಲ್ಲ ಅಂತ ಗೊತ್ತು. ಆದ್ರೂ ತೊಳೀಬೇಡಿ, ಆಂಟಿ.

ನಿಮ್ಮ
ಮಾಲವಿಕಾ