ಮೊದಲ ಗುದ್ದಲಿ

ಗುಂಡ್ಲುಪೇಟೆ
9 ಜುಲೈ 2025

ಪ್ರೀತಿಯ ರಘು,

ನಿನ್ನ ಸೊಂಟದ ನೋವು ಹೇಗಿದೆ? ಬ್ಯಾಂಕಿನಲ್ಲಿ ಆ ಮುರುಕು ಕುರ್ಚಿ ಬದಲಾಯಿಸಿಕೊಟ್ಟರೇ? ಕುಮಾರಿಗೆ ಹುಬ್ಬಳ್ಳಿಯ ನೀರು ಒಗ್ಗಿತೇ? ಫೋನಿನಲ್ಲಿ ಹೇಳಹೊರಟರೆ ನೀನು 'ಮೀಟಿಂಗ್ ಇದೆ ಅಕ್ಕಾ' ಅನ್ನುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಕಲಿತವಳ ಕನ್ನಡ ಅಕ್ಷರ ನೋಡಿ ನಗುವುದಾದರೆ ನಗು, ಆದರೆ ಪೂರ್ತಿ ಓದು.

ಬೇಗೂರಿನ ನಮ್ಮ ಹೊಲವನ್ನು ನೀನು ಪುಟ್ಟಬಸಪ್ಪನಿಗೆ ಗುತ್ತಿಗೆಗೆ ಕೊಟ್ಟಾಗ ನನ್ನ ತಕರಾರಿರಲಿಲ್ಲ. ಅವನು ಬೆಳೆದ ಸೂರ್ಯಕಾಂತಿ ಹೂವಿನ ಮುಂದೆ ಫೋಟೋ ತೆಗೆಸಿಕೊಳ್ಳಲು ಕೇರಳದಿಂದ ಕಾರುಗಳು ಬರುತ್ತವೆ, ಊರಿನ ಹೆಂಗಸರು ಎಳನೀರು, ಬೇಯಿಸಿದ ಜೋಳ ಮಾರುತ್ತಾರೆ. ಅದು ಬೇಡವೆನ್ನಲು ನಾನು ಯಾರು? ನಾನೂ ಅದೇ ಹೈವೇಯಲ್ಲಿ ಕಾರಿನಲ್ಲಿ ಓಡಾಡುವವಳು. ಆದರೆ ಕಾರು ನಿಲ್ಲಿಸುವ ಜಾಗಕ್ಕೆಂದು, ಕೆರೆಗೆ ಮಳೆನೀರು ಒಯ್ಯುವ ಕಾಲುವೆಗೆ ಮಣ್ಣು ತುಂಬಿ ಮಟ್ಟ ಮಾಡಲು ನೀನೇ ಒಪ್ಪಿದೆಯಂತೆ! ನನ್ನನ್ನು ಒಂದು ಮಾತು ಕೇಳಲಿಲ್ಲ. ಆ ಹೊಲದಲ್ಲಿ ನನ್ನ ಪಾಲೂ ಇದೆಯೆಂದು ಕಂದಾಯ ಕಟ್ಟುವಾಗ ಮಾತ್ರ ನೆನಪಾಗುತ್ತದೆಯೇ?

ಪುಟ್ಟಬಸಪ್ಪನನ್ನು ಕೇಳಿದರೆ, 'ಒಣಗ್ದ ಕಾಲ್ವೆ ಇಟ್ಕಂಡು ಏನ್ ಮಾಡೀರಿ ಮೇಡಮ್, ಕೆರೆಗೆ ಪೈಪಲ್ಲಿ ಒಳೆ ನೀರು ಬತ್ತದಲ್ಲ, ಬುಡಿ' ಅಂದ. ಮುಂಗಾರಿಗೆ ಮುಂಚೆ ಮನೆಗೊಬ್ಬರು ಬಂದು ಕಾಲುವೆಯ ಹೂಳು ತೆಗೆಯುತ್ತಿದ್ದುದು ನಿನಗೆ ಗೊತ್ತು. ಅದು ನಮ್ಮ ಹೊಲದಲ್ಲಿ ಹಾಯುವುದರಿಂದ ಮೊದಲ ಗುದ್ದಲಿ ಏಟು ನಮ್ಮ ಮನೆಯದು. ಅದು ಬೀಳುವ ತನಕ ಬೇರೆ ಯಾರೂ ಮಣ್ಣು ಮುಟ್ಟುವುದಿಲ್ಲ. ಅಪ್ಪ ಹೋದ ಮೇಲೆ ನೀನು ಬರುತ್ತಿದ್ದೆ, ಈ ವರ್ಷ ಬರಲಿಲ್ಲ. ಜನ ಕಾದರು, 'ಮನೆಯವ್ರೇ ಬರ್ನಿಲ್ಲ' ಎಂದು ಮರ್ಯಾದೆಗೆ ಕಟ್ಟುಬಿದ್ದು ವಾಪಸ್ ಹೋದರು. ಹೂಳು ತೆಗೆಯದ ಆ ಕಾಲುವೆಯ ಮೇಲೆ ಪುಟ್ಟಬಸಪ್ಪ ಟ್ರ್ಯಾಕ್ಟರುಗಟ್ಟಲೆ ಮಣ್ಣು ಸುರಿದ.

ಕಳೆದ ವಾರ ದೊಡ್ಡ ಮಳೆಯಾಯಿತು. ಕೆರೆಗೆ ಹೋಗಬೇಕಾದ ನೀರು ದಾರಿ ಸಿಗದೆ ಕೆಳಗಿನ ಮರಿತಾಯಮ್ಮನ ಹೊಲಕ್ಕೆ ನುಗ್ಗಿ, ನೆಟ್ಟ ಅರಿಶಿನವನ್ನು ಮೇಲ್ಮಣ್ಣಿನ ಸಮೇತ ಕೊಚ್ಚಿಕೊಂಡು ಹೋಯಿತು. ಕೆರೆ ಮಾತ್ರ ಬರಿದಾಗಿಯೇ ಇದೆ. ಸರ್ಕಾರದವರು ಹೊಳೆಯಿಂದ ಪೈಪಿನಲ್ಲಿ ತುಂಬಿಸುವ ನೀರನ್ನು ಈ ಸಲ ಇನ್ನೂ ಬಿಟ್ಟಿಲ್ಲ. ಮರಿತಾಯಮ್ಮ ಮೊಣಕಾಲುದ್ದ ಕೆಸರಿನಲ್ಲಿ ನಿಂತು, 'ಪೈಪಲ್ಲಿ ನೀರು ಬತ್ತದೆ ಅಂತ ಮಳೆಗೆ ಬಾಗ್ಲಾಕ್ಬುಟ್ರಲ್ಲವ್ವಾ! ನಿಮ್ಮಪ್ಪ ಇದ್ದಿದ್ರೆ ಇಬ್ರ ಕಿವೀನೂ ಇಂಡೋನು' ಅಂದರು.

ಸಿಟ್ಟಿನಲ್ಲಿ ನಿನಗೆ ಅನ್ಯಾಯ ಮಾಡುತ್ತಿದ್ದೇನೆಯೇ ಎಂದು ಎರಡು ದಿನ ಯೋಚಿಸಿದೆ. ಮತ್ತೆ ಹೋಗಿ ನೋಡಿ ಬಂದೆ. ಹೊಲದ ಇನ್ನೊಂದು ಮಗ್ಗುಲಲ್ಲಿ, ಹೈವೇಗೆ ಹೊಂದಿಕೊಂಡೇ, ಕಲ್ಲುನೆಲ ಖಾಲಿ ಬಿದ್ದಿದೆ. ಕಾರುಗಳು ಅಲ್ಲೂ ನಿಲ್ಲುತ್ತವೆ. ನೀರು ಮಾತ್ರ ತಗ್ಗು ಇರುವ ಕಡೆಯೇ ಹರಿಯಬೇಕು. ಇಲ್ಲ ರಘು, ನನ್ನ ಸಿಟ್ಟು ಸರಿಯಾಗಿಯೇ ಇದೆ.

ರಾತ್ರಿ ಸೊಂಟಕ್ಕೆ ಬಿಸಿ ಎಣ್ಣೆ ಹಚ್ಚಿಸಿಕೋ. ಕುಮಾರಿಯನ್ನು ಕೇಳಿದೆನೆಂದು ಹೇಳು. ಇಷ್ಟು ಬೈದ ಮೇಲೂ, ಗಂಡ ಹೆಂಡತಿ ಇಬ್ಬರೂ ಚೆನ್ನಾಗಿರಿ.

ನಿನ್ನ ಅಕ್ಕ,
ಸುಧಾಮಣಿ

ತಾ.ಕ.: ಇಪ್ಪತ್ತನೇ ತಾರೀಕು ಭಾನುವಾರ ಕಾಲುವೆಯ ಮಣ್ಣು ತೆಗೆಯಲು ಮನೆಗೊಬ್ಬರು ಬರಲಿ ಎಂದು ಊರಿನಲ್ಲಿ ಹೇಳಿ ಬಂದಿದ್ದೇನೆ. ಪುಟ್ಟಬಸಪ್ಪ ಫೋನ್ ಮಾಡಿದರೆ ಅವನಿಗೂ ಮೀಟಿಂಗ್ ಇದೆ ಅನ್ನು. ಅಪ್ಪನ ಗುದ್ದಲಿ ನಿನ್ನ ಫ್ಲ್ಯಾಟಿನ ಗೋಡೆಯ ಮೇಲೆ ಪಾಲಿಶ್ ಹೊಡೆಸಿಕೊಂಡು ನೇತಾಡುತ್ತಿದೆಯಲ್ಲ, ಅದನ್ನು ಇಳಿಸಿ ತೆಗೆದುಕೊಂಡು ಬಾ. ಬಂದರೆ ಮೊದಲ ಏಟು ನಿನ್ನದು. ಬರದಿದ್ದರೆ ನನ್ನದು, ಮರಿತಾಯಮ್ಮ ತಮ್ಮ ಗುದ್ದಲಿ ಕೊಡುತ್ತೇನೆ ಅಂದಿದ್ದಾರೆ.