ಲೆಕ್ಕ ಕೆಟ್ಟಲ್ಲಿ ನೀವು ಬರೆದ ಸೊನ್ನೆ

ನಗರದ ಪ್ರವಾಹ ಮುನ್ಸೂಚನಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಾಚಾರಂನ ನಾಲೆಯ ಪಕ್ಕದ ನಮ್ಮ ಗಲ್ಲಿ ನಿಮ್ಮ ನಕ್ಷೆಯಲ್ಲಿ ಇಂದಿಗೂ ಒಣಗಿಯೇ ಇದೆ. ಕಳೆದ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಹಿಂದಿನ ಗಲ್ಲಿಯವರಿಗೆಲ್ಲ ನಿಮ್ಮ ಎಚ್ಚರಿಕೆಯ ಸಂದೇಶ ಬಂತು. ನಮಗೆ ಬರಲಿಲ್ಲ. ಬಾರದಿದ್ದರೆ ಭಯವಿಲ್ಲವೆಂದು ನಂಬಿ, ಏಳು ತಿಂಗಳ ಮಗಳು ನಿರೀಕ್ಷಾಳನ್ನು ಚಾಪೆಯ ಮೇಲೆ ಮಲಗಿಸಿ ಮಹಡಿಗೆ ಬಟ್ಟೆ ತೆಗೆಯಲು ಹೋದೆ. ಮೇಲಿನ ಬಡಾವಣೆಗಳ ಮಳೆ ನಾಲೆಯಲ್ಲಿ ಓಡಿ ಬರುತ್ತಿರುವುದು ನನಗೇನು ಗೊತ್ತು? ಇಳಿದು ಬರುವಷ್ಟರಲ್ಲಿ ಚಾಪೆ ತೇಲುತ್ತಿತ್ತು. ಅಡುಗೆಮನೆಯಿಂದ ಧಾವಿಸಿದ ಅತ್ತೆ, ಮೊಣಕಾಲುದ್ದ ನೀರಿನಲ್ಲಿ ನಿರೀಕ್ಷಾಳನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಅಂದಿನಿಂದ ಮೋಡ ಕವಿದರೆ ನನಗೆ ನಿದ್ದೆಯಿಲ್ಲ.

ಕಾರಣ ಕೇಳಲು ಅತ್ತೆಯ ಜೊತೆ ನಿಮ್ಮ ಕಚೇರಿಗೆ ಬಂದೆ. ಈ ತೆಲುಗು ಊರಿನಲ್ಲಿ ನಮ್ಮ ಕನ್ನಡ ಕಿವಿಗೆ ಬಿದ್ದು, ರಾಯಚೂರು ಕಡೆಯ ಕಿರಿಯ ಎಂಜಿನಿಯರೊಬ್ಬರು ಕನ್ನಡದಲ್ಲೇ ನಿಜ ಹೇಳಿಬಿಟ್ಟರು.

"ಅಕ್ಕಾರ, ಕಂಪ್ಯೂಟರಿನ್ಯಾಗ ನಿಮ್ಮ ಗಲ್ಲಿ ನೀರು ಒಮ್ಮೆ ನೂರು ಮೀಟರ್, ಒಮ್ಮೆ ಮೈನಸ್ ಬರಾಕತ್ತಿತ್ತು. ಅದಕ್ಕ ಸೊನ್ನಿ ಇಟ್ಟೀವ್ರಿ. ಸೊನ್ನಿ ಇದ್ದಲ್ಲಿ ಮೆಸೇಜ್ ಹೋಗೂದಿಲ್ರಿ."

"ಮೈನಸ್ ನೀರು ಅಂದ್ರ ಹೆಂಗಿರತೈತೋ ತಮ್ಮಾ?" ಎಂದರು ಅತ್ತೆ. "ನಮ್ಮ ಮನ್ಯಾಗ ಬಂದಿದ್ದು ಭಾಳ ಪ್ಲಸ್ ಇತ್ತು ನೋಡು."

ನಾನೂ ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು, ಮಾನ್ಯರೇ. ಅವರು ವಿವರಿಸಿದಂತೆ, ನಗರವನ್ನು ಹತ್ತು ಮೀಟರಿನ ಚೌಕಗಳಾಗಿ ಕತ್ತರಿಸಿ, ಐದೈದು ಸೆಕೆಂಡಿನ ಹೆಜ್ಜೆಯಲ್ಲಿ ನೀರನ್ನು ಮುಂದಕ್ಕೆ ಲೆಕ್ಕ ಹಾಕಿದ್ದೀರಿ. ತುಂಬಿದ ನಾಲೆಯ ಅಲೆ ಅಷ್ಟರಲ್ಲಿ ಮೂರು ಚೌಕ ದಾಟಿರುತ್ತದೆ. ಒಂದು ಹೆಜ್ಜೆಯಲ್ಲಿ ನಿಮ್ಮ ಲೆಕ್ಕಕ್ಕೆ ಕಾಣುವುದು ಪಕ್ಕದ ಒಂದೇ ಚೌಕ. ಆಗ ಅಂಕಿಗಳಿಗೆ ಹುಚ್ಚು ಹಿಡಿಯುತ್ತದೆಂದು ಪಠ್ಯಪುಸ್ತಕವೇ ಹೇಳುತ್ತದೆ. ಹೆಜ್ಜೆಯನ್ನು ಒಂದು ಸೆಕೆಂಡಿಗೆ ಇಳಿಸಿ ಎಂಬ ಮದ್ದೂ ಅದೇ ಪುಟದಲ್ಲಿದೆ. "ಅಷ್ಟು ಸಣ್ಣ ಹೆಜ್ಜಿ ಇಟ್ರ ಎರಡು ದಿನ ಹಿಡೀತೈತ್ರಿ, ಸಾಹೇಬ್ರಿಗೆ ಮೀಟಿಂಗ್ ಇತ್ತು" ಎಂದರು ಆ ಎಂಜಿನಿಯರ್. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು ಮಾಡುವ ನಕ್ಷೆಗೆ ಎರಡು ದಿನ ಸಿಗಲಿಲ್ಲವೇ?

ನೀರು ಎಲ್ಲಿ ಆಳವಾಗಿ, ಜೋರಾಗಿ ಹರಿಯುತ್ತದೋ ಲೆಕ್ಕ ಮೊದಲು ಕೆಡುವುದು ಅಲ್ಲೇ. ಕೆಟ್ಟಲ್ಲೆಲ್ಲ ಸೊನ್ನೆ ಬರೆದು, ಮುಳುಗುವ ಗಲ್ಲಿಗಳನ್ನೇ ಆರಿಸಿ ಆರಿಸಿ ಒಣಗಿಸಿದ್ದೀರಿ. ಇಷ್ಟು ಚುರುಕಾಗಿ ಯಾವ ಪಂಪೂ ನೀರೆತ್ತಲಾರದು!

ಆ ಎಂಜಿನಿಯರ್ ಮೇಲೆ ಕ್ರಮ ಬೇಡ. ನಿಮ್ಮಲ್ಲಿ ನಿಜ ಹೇಳಿದವರು ಅವರೊಬ್ಬರೇ. ಬರುವ ಮಳೆಗಾಲಕ್ಕೆ ಮುನ್ನ ಸಣ್ಣ ಹೆಜ್ಜೆಯಲ್ಲಿ ಲೆಕ್ಕವನ್ನು ಮತ್ತೆ ಮಾಡಿಸಿ. ಅಲ್ಲಿಯವರೆಗೆ ನಮ್ಮ ಗಲ್ಲಿಯ ಮೇಲೆ "ನಮಗೆ ಗೊತ್ತಿಲ್ಲ" ಎಂದು ಬರೆಯಿರಿ. ಗೊತ್ತಿಲ್ಲವೆಂದರೆ ನಾನು ಮಗುವನ್ನು ಎತ್ತಿಕೊಂಡು ಮಹಡಿ ಹತ್ತುತ್ತೇನೆ. ಒಣ ಎಂದರೆ ಮಲಗಿಸುತ್ತೇನೆ.

ಇಂತಿ,
ಓದಿಯೂ ನಿಮ್ಮ ನಕ್ಷೆಯನ್ನು ನಂಬಿದ
ಅಪೂರ್ವ, ನಾಚಾರಂ